ನೆಗಡಿಗೆ ಮನೆಮದ್ದು: ಯಾವುದು ಮೊದಲು, ಯಾವುದು ಆಮೇಲೆ, ಯಾವಾಗ ಡಾಕ್ಟರ್

"ಕಷಾಯ ಕುಡಿದೆ, ಹಬೆ ತಗೊಂಡೆ, ಅರಿಶಿನದ ಹಾಲೂ ಕುಡಿದೆ, ಆದರೂ ನೆಗಡಿ ಹೋಗಲಿಲ್ಲ." ಇದನ್ನು ಹೇಳುವವರೇ ಜಾಸ್ತಿ. ಏನೇನು ಮಾಡಿದಿರಿ ಅಂತ ಕೇಳಿದರೆ ಬಹುತೇಕ ಒಂದೇ ಕಥೆ. ಮೊದಲ ದಿನ ಗೊತ್ತಿರುವ ಮದ್ದೆಲ್ಲ ಒಟ್ಟಿಗೆ ಮಾಡಿರುತ್ತಾರೆ, ಖಾರದ ಕಷಾಯಕ್ಕೆ ಎದೆ ಉರಿದು ಎರಡನೇ ದಿನ ಕೈಬಿಟ್ಟಿರುತ್ತಾರೆ, ಮೂರನೇ ದಿನ ಮೆಡಿಕಲ್ ಶಾಪಿನಲ್ಲಿ ಆಂಟಿಬಯಾಟಿಕ್ ಕೇಳಿ ತಂದಿರುತ್ತಾರೆ. ಮದ್ದು ಸರಿಯೇ ಇತ್ತು. ಹೊತ್ತು, ಅಳತೆ, ಕ್ರಮ ತಪ್ಪಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಮನೆಮದ್ದೂ ನೆಗಡಿಯನ್ನು ಓಡಿಸುವುದಿಲ್ಲ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು ಬಗೆ ಇವೆ, ಅದರಲ್ಲಿ ರೈನೋವೈರಸ್‌ನದ್ದೇ ಕಾರುಬಾರು. ಅವುಗಳನ್ನು ದೇಹವೇ 7ರಿಂದ 10 ದಿನದಲ್ಲಿ ಹೊರಗೆ ಹಾಕುತ್ತದೆ. ಅಷ್ಟು ದಿನ ಮೂಗು ಬಿಡಿಸಿಕೊಳ್ಳಬೇಕು, ಗಂಟಲಿನ ಉರಿ ಇಳಿಸಿಕೊಳ್ಳಬೇಕು, ರಾತ್ರಿ ನಿದ್ದೆ ಮಾಡಬೇಕು. ಮನೆಮದ್ದು ಇರುವುದು ಇದಕ್ಕೆ. "ಎರಡು ದಿನದಲ್ಲಿ ಹೋಗಬೇಕು" ಅಂತ ಶುರು ಮಾಡಿದರೆ ಯಾವ ಮದ್ದೂ ಸೋತಂತೆಯೇ ಕಾಣುತ್ತದೆ.

## ಹಂತ 1: ಇದು ನೆಗಡಿಯೇನಾ ಅಂತ ನೋಡಿಕೊಳ್ಳಿ

ಒಲೆ ಹಚ್ಚುವ ಮೊದಲು ಈ ಕೆಲಸ. ನೆಗಡಿಗೆ ಒಂದು ನಡೆ ಇದೆ. ಮೊದಲ ದಿನ ಗಂಟಲು ಕೆರೆತ, ಸೀನು. ಎರಡು ಮೂರನೇ ದಿನ ಮೂಗು ನೀರಿನಂತೆ ಸುರಿಯುತ್ತದೆ, ತಲೆ ಭಾರ, ಮೈಕೈ ನೋವು, ಸ್ವಲ್ಪ ಜ್ವರವೂ ಬರಬಹುದು. ಜೋರು ಇರುವುದು ಆಗಲೇ. ನಾಲ್ಕೈದನೇ ದಿನಕ್ಕೆ ಸಿಂಬಳ ಗಟ್ಟಿಯಾಗಿ ಹಳದಿ, ಹಸಿರು ಆಗುತ್ತದೆ. ಬಣ್ಣ ನೋಡಿ ಹೆದರಬೇಡಿ, ಬಣ್ಣ ಬಂದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕು ಅಂತ ಅರ್ಥವಲ್ಲ. ಆಮೇಲೆ ಇಳಿಯುತ್ತಾ ಹೋಗುತ್ತದೆ. ಕೆಮ್ಮು ಮಾತ್ರ ಇನ್ನೊಂದು ವಾರ ಎಳೆಯಬಹುದು.

ಈ ನಡೆಗೆ ಹೊಂದದಿದ್ದರೆ ಯೋಚನೆ ಮಾಡಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ಕಣ್ಣು ಮೂಗು ತುರಿಕೆ, ಜ್ವರ ಇಲ್ಲ, ವಾರಗಟ್ಟಲೆ ಹೀಗೇ ಅಂದರೆ ಅದು ಹೆಚ್ಚಾಗಿ ಅಲರ್ಜಿ. ಬೆಂಗಳೂರಿನವರಿಗೆ ಇದು ಚೆನ್ನಾಗಿ ಗೊತ್ತು, ಧೂಳು ಮತ್ತು ಪಾರ್ಥೇನಿಯಂ ಕಳೆ ಎರಡೂ ಧಾರಾಳವಾಗಿರುವ ಊರು ಅದು. ಅಲರ್ಜಿಗೆ ತಿಂಗಳುಗಟ್ಟಲೆ ಕಷಾಯ ಕುಡಿದು ಬೈದುಕೊಳ್ಳುವುದರಲ್ಲಿ ಅರ್ಥವಿಲ್ಲ, ಅದರ ದಾರಿಯೇ ಬೇರೆ.

ಇನ್ನೊಂದು, ಮಳೆಗಾಲದಲ್ಲಿ ಏಕಾಏಕಿ 102, 103 ಡಿಗ್ರಿ ಜ್ವರ, ಕಣ್ಣಿನ ಹಿಂದೆ ನೋವು, ಕೀಲು ನೋವು, ಆದರೆ ಮೂಗು ಸೋರುತ್ತಿಲ್ಲ ಅಂದರೆ ಡೆಂಗಿ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಆ ಅನುಮಾನ ಇರುವಾಗ ಐಬುಪ್ರೊಫೇನ್, ಆಸ್ಪಿರಿನ್ ಇರುವ ನೋವಿನ ಮಾತ್ರೆ ನುಂಗಬೇಡಿ. ರಕ್ತಸ್ರಾವದ ಅಪಾಯ ಜಾಸ್ತಿಯಾಗುತ್ತದೆ.

## ಹಂತ 2: ಬೇಕಾದ್ದನ್ನು ಒಂದು ಕಡೆ ಇಟ್ಟುಕೊಳ್ಳಿ

ಮೂಗು ಸೋರುತ್ತಿರುವಾಗ ಡಬ್ಬಿ ಹುಡುಕುತ್ತಾ ನಿಲ್ಲುವುದು ಕಷ್ಟ. ಮೊದಲ ದಿನವೇ ಇವನ್ನು ಹೊಂದಿಸಿಕೊಳ್ಳಿ: ಥರ್ಮಾಮೀಟರ್, ಪುಡಿ ಉಪ್ಪು, ಜೇನುತುಪ್ಪ, ಹಸಿಶುಂಠಿ, ಕಾಳುಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಬೆಲ್ಲ, ಅಗಲ ತಳದ ಒಂದು ಪಾತ್ರೆ, ದಪ್ಪ ಟವೆಲ್, ಒಂದು ಫ್ಲಾಸ್ಕ್. ಕುಂಡದಲ್ಲಿ ತುಳಸಿ, ದೊಡ್ಡಪತ್ರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದಕ್ಕಾಗಿ ಅಲೆಯಬೇಕಾಗಿಲ್ಲ. ಮೆಡಿಕಲ್ ಶಾಪಿನಿಂದ ಒಂದು ಸಲೈನ್, ಅಂದರೆ ಉಪ್ಪುನೀರಿನ, ಮೂಗಿನ ಡ್ರಾಪ್ಸ್ ತಂದಿಡಿ, ಮನೆಯಲ್ಲಿ ಮಗು ಇದ್ದರೆ ಅದು ಬೇಕೇ ಬೇಕು.

ಅಳತೆಗೆ ಟೀ ಚಮಚ ಬಳಸಿ. ನಾನು ಕೆಳಗೆ ಚಮಚ ಅಂದಲ್ಲೆಲ್ಲ ಅದೇ. ಸಾರು ಬಡಿಸುವ ಸೌಟಿನಲ್ಲಿ ಅಂದಾಜು ಮಾಡಿದರೆ ಉಪ್ಪುನೀರು ಉಪ್ಪಿನಕಾಯಿ ರಸ ಆಗುತ್ತದೆ.

## ಹಂತ 3: ಗಂಟಲು ಕೆರೆಯುತ್ತಿದ್ದಂತೆ ಉಪ್ಪುನೀರು

ಶುರು ಇಲ್ಲಿಂದ. ಗಂಟಲು ಕೆರೆತ ಮೊದಲ ಸೂಚನೆ ಆದ್ದರಿಂದ ಮೊದಲ ಮದ್ದೂ ಗಂಟಲಿಗೆ.

ಒಂದು ಲೋಟ, ಅಂದರೆ ಸುಮಾರು 250 ಮಿ.ಲೀ. ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಪೂರ್ತಿ ಕರಗಿಸಿ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ಬಾಗಿಸಿ, 20ರಿಂದ 30 ಸೆಕೆಂಡು ಗಳಗಳ ಅನ್ನಿಸಿ ಉಗಿಯಿರಿ. ಲೋಟ ಮುಗಿಯುವವರೆಗೆ. ದಿನಕ್ಕೆ ಮೂರು ನಾಲ್ಕು ಸಲ.

ಹೆಚ್ಚಿನವರು ಬೆಳಿಗ್ಗೆ ಒಂದು ಸಲ ಮಾಡಿ "ಏನೂ ಆಗಲಿಲ್ಲ" ಅಂತ ಬಿಡುತ್ತಾರೆ. ಉಪ್ಪುನೀರಿನ ಆರಾಮ ಒಂದೆರಡು ಗಂಟೆಯದ್ದು, ಅದಕ್ಕೇ ಮತ್ತೆ ಮತ್ತೆ ಮಾಡುವುದು. ನೀರು ತುಂಬಾ ಬಿಸಿ ಇದ್ದರೆ ಊದಿಕೊಂಡ ಗಂಟಲು ಇನ್ನೂ ಉರಿಯುತ್ತದೆ. ಉಪ್ಪು ಜಾಸ್ತಿಯಾದರೆ ಗಂಟಲು ಒಣಗುತ್ತದೆ. ಬಿಪಿ ಇರುವವರು ನುಂಗದೆ ಉಗಿಯಬೇಕು, ಅಷ್ಟೇ. ಚಿಕ್ಕ ಮಕ್ಕಳಿಗೆ ಗಳಗಳ ಮಾಡಲು ಬರುವುದಿಲ್ಲ, ನುಂಗಿಬಿಡುತ್ತಾರೆ, ಆರು ವರ್ಷದ ಒಳಗಿನವರಿಗೆ ಇದು ಬೇಡ.

## ಹಂತ 4: ಮೂಗಿಗೆ ಉಪ್ಪುನೀರು, ಆದರೆ ಕುದಿಸಿ ಆರಿಸಿದ ನೀರು

ಮೂಗು ಕಟ್ಟಿದಾಗ ಎಲ್ಲರೂ ನೇರ ಹಬೆಗೆ ಹೋಗುತ್ತಾರೆ. ಅದಕ್ಕಿಂತ ಮೊದಲು ಸಲೈನ್ ಹಾಕಿ ನೋಡಿ. ಎರಡು ಮೂರು ಹನಿ ಪ್ರತಿ ಹೊಳ್ಳೆಗೆ, ಒಂದೆರಡು ನಿಮಿಷ ಬಿಟ್ಟು ಸೀಂಟಿ. ಸೀಂಟುವಾಗ ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಮೆಲ್ಲಗೆ. ಎರಡೂ ಕಡೆ ಒಟ್ಟಿಗೆ ಒತ್ತಿ ಸೀಂಟಿದರೆ ಒತ್ತಡ ಕಿವಿಗೆ ಹೋಗುತ್ತದೆ, ನೆಗಡಿಯ ಜೊತೆ ಕಿವಿನೋವೂ ಸೇರಿಕೊಳ್ಳುತ್ತದೆ.

ನೇತಿ ಪಾತ್ರೆ ಇಟ್ಟುಕೊಂಡಿರುವವರು ಪೂರ್ತಿ ಮೂಗು ತೊಳೆಯಬಹುದು. ಕಾಲು ಲೀಟರ್ ನೀರಿಗೆ ಅರ್ಧ ಚಮಚಕ್ಕಿಂತ ಚೂರು ಕಡಿಮೆ ಉಪ್ಪು, ಅದು ಹೆಚ್ಚುಕಡಿಮೆ ನಮ್ಮ ರಕ್ತದ ಉಪ್ಪಿನ ಮಟ್ಟಕ್ಕೆ ಬರುತ್ತದೆ. ಉರಿದರೆ ಅಳತೆ ತಪ್ಪಿದೆ. ಉಪ್ಪು ಕಡಿಮೆ ಆದರೂ ಉರಿಯುತ್ತದೆ, ಜಾಸ್ತಿ ಆದರೂ ಉರಿಯುತ್ತದೆ. ಸಿಂಕಿನ ಮೇಲೆ ಬಾಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ಹುಯ್ಯಿರಿ. ಪೂರ್ತಿ ಕಟ್ಟಿದ್ದರೆ ಬಲವಂತ ಮಾಡಬೇಡಿ, ಕಿವಿ ನೋಯುತ್ತಿದ್ದರೆ ಮಾಡಲೇಬೇಡಿ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ನಲ್ಲಿ ನೀರು, ಬೋರ್ ನೀರು, ಬಾವಿ ನೀರು ನೇರವಾಗಿ ಮೂಗಿಗೆ ಹೋಗಬಾರದು. ಚೆನ್ನಾಗಿ ಮರಳಿಸಿ, ಮುಚ್ಚಿಟ್ಟು, ಉಗುರುಬೆಚ್ಚಗೆ ಆರಿಸಿ ಬಳಸಿ. ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಸೋಂಕು ತರುವ ಅಮೀಬಾದ ಸುದ್ದಿ ಓದಿರುತ್ತೀರಿ. ಅಂಥ ಅಮೀಬಾಗಳಲ್ಲಿ ಒಂದಾದ ನೇಗ್ಲೇರಿಯಾ ಕುಡಿದ ನೀರಿನಿಂದ ರೋಗ ತರುವುದಿಲ್ಲ, ಮೂಗಿನ ಮೂಲಕ ಮೇಲೆ ಹೋಗುತ್ತದೆ. ಅಪರೂಪದ ರೋಗ, ನಿಜ. ಆದರೆ ಬಂದವರಲ್ಲಿ ಬದುಕುವವರು ಕಡಿಮೆ, ತಪ್ಪಿಸಿಕೊಳ್ಳಲು ಬೇಕಾದದ್ದು ಕುದಿಸಿದ ನೀರು ಮಾತ್ರ. ಮನೆಯ ಫಿಲ್ಟರ್ ನೀರು ಅಂದರೂ ಕುದಿಸಿಯೇ ಬಳಸಿ. ಪಾತ್ರೆಯನ್ನೂ ಪ್ರತಿ ಸಲ ತೊಳೆದು ಒಣಗಿಸಿ.

## ಹಂತ 5: ಹಬೆ, ಅತಿ ಹೆಚ್ಚು ಎಡವಟ್ಟು ಆಗುವ ಜಾಗ

ಹಬೆಯಿಂದ ವೈರಸ್ ಸಾಯುವುದಿಲ್ಲ. ಕೋವಿಡ್ ಕಾಲದಲ್ಲಿ ಹಾಗೆ ಹೇಳಿ ಹೇಳಿ ಜನ ದಿನಕ್ಕೆ ಐದಾರು ಸಲ ಮುಖ ಬೇಯಿಸಿಕೊಂಡರು. ಹಬೆ ಮಾಡುವುದು ಇಷ್ಟೇ: ಗಟ್ಟಿ ಸಿಂಬಳವನ್ನು ಸ್ವಲ್ಪ ಸಡಿಲ ಮಾಡುತ್ತದೆ, ಸ್ವಲ್ಪ ಹೊತ್ತು ಹಿತ ಅನ್ನಿಸುತ್ತದೆ. ಕೆಲವರಿಗೆ ಅದೂ ಆಗುವುದಿಲ್ಲ. ಎರಡು ಸಲ ಮಾಡಿ ಉಪಯೋಗ ಕಾಣದಿದ್ದರೆ ಸುಮ್ನೆ ಬಿಟ್ಟುಬಿಡಿ, ಏನೂ ಕಳೆದುಕೊಳ್ಳುವುದಿಲ್ಲ.

ಮಾಡುವುದಾದರೆ ಹೀಗೆ. ನೀರು ಕುದಿಸಿ ಒಲೆ ಆರಿಸಿ. ಅಗಲ ತಳದ ಪಾತ್ರೆಯನ್ನು ಮೇಜಿನ ಮೇಲೆ, ಗೋಡೆಗೆ ಒತ್ತಿ ಇಡಿ, ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಎರಡು ಮೂರು ನಿಮಿಷ ಕಾಯಿರಿ. ಆಮೇಲೆ ಕುರ್ಚಿಯಲ್ಲಿ ಕೂತು, ಮುಖವನ್ನು ಒಂದಡಿಯಷ್ಟು ಮೇಲೆ ಹಿಡಿದು, ಕಣ್ಣು ಮುಚ್ಚಿ, ಟವೆಲ್ ಹೊದ್ದುಕೊಳ್ಳಿ. ಐದು ನಿಮಿಷ, ಹೆಚ್ಚೆಂದರೆ ಹತ್ತು. ಮುಗಿದ ಕೂಡಲೇ ಮೂಗು ಸೀಂಟಿ. ಇದನ್ನು ಬಿಟ್ಟರೆ ಸಡಿಲವಾದದ್ದು ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಒಂದು ಸಲ, ಮಲಗುವ ಮೊದಲು ಒಂದು ಸಲ ಸಾಕು.

ಹಾಸಿಗೆಯ ಮೇಲೆ, ತೊಡೆಯ ಮೇಲೆ ಪಾತ್ರೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಂದು ಸೀನು ಬಂದರೆ ಸಾಕು, ಪಾತ್ರೆ ಮಗುಚಿ ತೊಡೆ ಹೊಟ್ಟೆಯೆಲ್ಲ ಸುಡುತ್ತದೆ. ಉರಿಯುವ ಒಲೆಯ ಮೇಲೆಯೇ ಟವೆಲ್ ಹೊದ್ದು ಬಾಗುವವರೂ ಇದ್ದಾರೆ. ಕುಕ್ಕರಿನ ಸೀಟಿ ತೆಗೆದು ಅದರ ಮೇಲೆ ಮುಖ ಇಡುವವರೂ ಇದ್ದಾರೆ. ದಯವಿಟ್ಟು ಬೇಡ.

ನೀರಿಗೆ ಏನೂ ಹಾಕಬೇಕಾಗಿಲ್ಲ. ನೀಲಗಿರಿ ಎಣ್ಣೆ ಬೇಕೇ ಬೇಕು ಅಂದರೆ ದೊಡ್ಡವರಿಗೆ ಒಂದು ಹನಿ. ಕರ್ಪೂರ, ಬಾಮ್ ಕರಗಿಸುವುದು ಬೇಡ, ಕಣ್ಣು ಉರಿಯುತ್ತದೆ, ಅಸ್ತಮಾ ಇರುವವರಿಗೆ ಉಸಿರೇ ಕಟ್ಟಬಹುದು. ಕರೆಂಟಿನ ಸ್ಟೀಮರ್ ಇದ್ದರೆ ಗೆರೆಯವರೆಗೆ ಮಾತ್ರ ನೀರು ಹಾಕಿ, ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ಮುಟ್ಟಿ.

ಮಕ್ಕಳಿಗೆ ಹಬೆ ಬೇಡ. ಟವೆಲ್ ಒಳಗೆ ಮಗುವನ್ನು ಒತ್ತಿ ಹಿಡಿಯುವುದಂತೂ ಬೇಡವೇ ಬೇಡ. ಅಕಸ್ಮಾತ್ ಯಾರಿಗಾದರೂ ಸುಟ್ಟರೆ ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ದೋಸೆ ಹಿಟ್ಟು, ಶಾಯಿ, ಐಸ್ ಯಾವುದನ್ನೂ ಹಚ್ಚಬೇಡಿ. ಮುಖ ಸುಟ್ಟರೆ, ಗುಳ್ಳೆ ಎದ್ದರೆ ಆಸ್ಪತ್ರೆಗೆ.

## ಹಂತ 6: ಕಷಾಯ, ಹದವಾಗಿ

ಕಷಾಯ ಖಾರವಾದಷ್ಟೂ ಕೆಲಸ ಮಾಡುತ್ತದೆ ಅನ್ನುವ ನಂಬಿಕೆಯೇ ಎಲ್ಲರ ಹೊಟ್ಟೆ ಕೆಡಿಸುತ್ತಿರುವುದು. ಅದರಿಂದ ಸಿಗುವ ಲಾಭದಲ್ಲಿ ಅರ್ಧಕ್ಕರ್ಧ ಬಿಸಿ ನೀರು ಹೊಟ್ಟೆಗೆ ಹೋಗುವುದರಿಂದ. ಮೆಣಸು, ಶುಂಠಿಯ ಘಾಟಿಗೆ ಮೂಗು ಸ್ವಲ್ಪ ಸೋರಿ ಸಡಿಲವಾಗುತ್ತದೆ, ಗಂಟಲಿಗೆ ಬೆಚ್ಚಗಾಗುತ್ತದೆ. ಅದಕ್ಕೆ ಹಿಡಿಗಟ್ಟಲೆ ಮೆಣಸು ಬೇಕಾಗಿಲ್ಲ.

ಇಬ್ಬರಿಗೆ ಅಳತೆ: ಕೊತ್ತಂಬರಿ ಬೀಜ ಎರಡು ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು ಐದಾರು, ಹಸಿಶುಂಠಿ ಅರ್ಧ ಇಂಚು, ನೀರು ಮೂರು ಲೋಟ.

ಬೀಜ, ಜೀರಿಗೆ, ಮೆಣಸನ್ನು ಬಾಣಲೆಯಲ್ಲಿ ಘಮ ಬರುವಷ್ಟು ಹುರಿದು ತರಿತರಿಯಾಗಿ ಕುಟ್ಟಿ. ಕಪ್ಪಗಾದರೆ ಕಷಾಯ ಕಹಿ. ನೀರು ಕುದಿಯಲು ಶುರುವಾದಾಗ ಪುಡಿ ಮತ್ತು ಜಜ್ಜಿದ ಶುಂಠಿ ಹಾಕಿ, ಸಣ್ಣ ಉರಿಯಲ್ಲಿ ಎರಡು ಲೋಟಕ್ಕೆ ಇಳಿಯುವವರೆಗೆ ಬಿಡಿ. ಒಲೆ ಆರಿಸಿದ ಮೇಲೆ ಆರೇಳು ತುಳಸಿ ಎಲೆ ಅಥವಾ ಎರಡು ದೊಡ್ಡಪತ್ರೆ ಎಲೆ ಹರಿದು ಹಾಕಿ ಐದು ನಿಮಿಷ ಮುಚ್ಚಿಡಿ. ಎಲೆಯನ್ನು ಮೊದಲಿನಿಂದಲೇ ಕುದಿಸಿದರೆ ಅದರ ಘಮವೆಲ್ಲ ಅಡುಗೆಮನೆಗೆ, ಲೋಟಕ್ಕೆ ಬರುವುದು ಬರೀ ಒಗರು. ಸೋಸಿ, ಬೆಲ್ಲ ಹಾಕಿ. ಮಲೆನಾಡಿನವರಂತೆ ಹಾಲು ಬೇಕು ಅಂದರೆ ಮೊದಲು ಹಾಲು ಸೇರಿಸಿ ಬಿಸಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಿ. ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆಯುತ್ತದೆ. ಹಾಲಿನಿಂದ ಕಫ ಜಾಸ್ತಿಯಾಗುತ್ತದೆ ಅನ್ನುತ್ತಾರಲ್ಲ, ಹಾಗೇನಿಲ್ಲ. ಹಾಲು ಕುಡಿದಾಗ ಬಾಯಿ ಗಂಟಲಲ್ಲಿ ಸ್ವಲ್ಪ ಅಂಟಿದಂತೆ ಅನ್ನಿಸುತ್ತದೆ ಅಷ್ಟೇ.

ದಿನಕ್ಕೆ ಎರಡು ಲೋಟ ಸಾಕು, ತಿಂಡಿ ಆದ ಮೇಲೆ ಒಂದು, ಸಂಜೆ ಒಂದು. ಖಾಲಿ ಹೊಟ್ಟೆಗೆ ಬೇಡ. ಎದೆ ಉರಿ, ಹುಳಿತೇಗು ಬಂದರೆ ಮೆಣಸು ಶುಂಠಿ ಬಿಟ್ಟು ಬರೀ ಕೊತ್ತಂಬರಿ ಜೀರಿಗೆಯದ್ದು ಮಾಡಿಕೊಳ್ಳಿ.

ಕೆಲವರು ಎಚ್ಚರಿಕೆಯಿಂದ ಇರಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ, ಜೇನುತುಪ್ಪವೂ ಸಕ್ಕರೆಯೇ, "ನೈಸರ್ಗಿಕ" ಅಂದ ಮಾತ್ರಕ್ಕೆ ಗ್ಲೂಕೋಮೀಟರ್ ಸುಳ್ಳು ಹೇಳುವುದಿಲ್ಲ. ಬಿಪಿ ಇರುವವರು ಅತಿಮಧುರ ಹಾಕಿದ ಕಷಾಯ ದಿನಾ ಕುಡಿಯಬಾರದು, ಅದು ಬಿಪಿ ಏರಿಸುತ್ತದೆ, ದೇಹದ ಪೊಟ್ಯಾಸಿಯಂ ಇಳಿಸುತ್ತದೆ. ಅಂಗಡಿಯ ಕಷಾಯ ಪುಡಿಯಲ್ಲಿ ಅತಿಮಧುರ ಇದೆಯಾ ಅಂತ ಪ್ಯಾಕೆಟ್ ತಿರುಗಿಸಿ ನೋಡಿ, ಕೆಲವು ಕಡೆ ಜ್ಯೇಷ್ಠಮಧು ಅಂತಲೂ ಬರೆದಿರುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅಡುಗೆಯಲ್ಲಿ ಬಳಸುವಷ್ಟಕ್ಕೇ ನಿಲ್ಲಿಸಿ, ಅದಕ್ಕಿಂತ ಹೆಚ್ಚಿಗೆ ಬೇಕಿದ್ದರೆ ಡಾಕ್ಟರನ್ನು ಕೇಳಿ.

## ಹಂತ 7: ಊಟ, ನೀರು, ವಿಶ್ರಾಂತಿ

ಇಲ್ಲಿ ಹೇಳುವುದು ಜಾಸ್ತಿ ಇಲ್ಲ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವಾಗ ಗಂಟಲು ಒಣಗುತ್ತದೆ, ಜ್ವರವಿದ್ದರೆ ಇನ್ನೂ ಒಣಗುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು ಪಕ್ಕದಲ್ಲೇ ಇಟ್ಟು ಆಗಾಗ ಗುಟುಕರಿಸಿ. ಮೂತ್ರ ಗಾಢ ಹಳದಿ ಆಗಿದ್ದರೆ ನೀರು ಸಾಲುತ್ತಿಲ್ಲ.

ಊಟಕ್ಕೆ ಬಿಸಿ ಬಿಸಿ ಮೆಣಸಿನ ಸಾರು ಅನ್ನ, ಹುರುಳಿ ಕಟ್ಟಿನ ಸಾರು, ಕುಚ್ಚಲಕ್ಕಿ ಗಂಜಿ, ರಾಗಿ ಗಂಜಿ. ಮಾಂಸ ತಿನ್ನುವವರಿಗೆ ನಾಟಿ ಕೋಳಿ ಸಾರು, ಮಲೆನಾಡಿನಲ್ಲಾದರೆ ಏಡಿ ಸಾರು. ಬಿಸಿ ಸಾರಿನ ಹಬೆಯೂ ಮೂಗಿಗೆ ಹೋಗುತ್ತದೆ, ಉಪ್ಪು ನೀರು ಎರಡೂ ಹೊಟ್ಟೆಗೆ ಬೀಳುತ್ತದೆ. ಬಾಳೆಹಣ್ಣು, ಮೊಸರು ತಿಂದರೆ ನೆಗಡಿ ಬರುತ್ತದೆ ಅನ್ನುವುದು ನಿಜವಲ್ಲ. ತಣ್ಣಗಿನದ್ದು ಗಂಟಲಿಗೆ ಹಿತ ಅನ್ನಿಸದಿದ್ದರೆ ಬಿಡಿ, ಅಷ್ಟಕ್ಕೆ ಮನೆಯವರ ಜೊತೆ ಜಗಳ ಬೇಡ.

ಸಿಗರೇಟು ನಿಲ್ಲಿಸಿ. ಅಗರಬತ್ತಿ, ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆ ಮಲಗುವ ಕೋಣೆಯಲ್ಲಿ ಬೇಡ. ಕೈ ಸೋಪು ಹಾಕಿ 20 ಸೆಕೆಂಡು ತೊಳೆಯಿರಿ, ಟವೆಲ್ ಬೇರೆ ಇಟ್ಟುಕೊಳ್ಳಿ, ಮನೆಯಲ್ಲಿ ವಯಸ್ಸಾದವರಿದ್ದರೆ ಮಾಸ್ಕ್ ಹಾಕಿ. ಮೊದಲ ಎರಡು ಮೂರು ದಿನ ಇತರರಿಗೆ ಹರಡುವುದು ಜಾಸ್ತಿ, ರಜೆ ಹಾಕುವುದಿದ್ದರೆ ಆಗಲೇ ಹಾಕಿ.

## ಹಂತ 8: ರಾತ್ರಿಯ ಕ್ರಮ

ಹಗಲು ಹೇಗೋ ಕಳೆಯುತ್ತದೆ. ಮಲಗಿದ ಕೂಡಲೇ ಮೂಗು ಕಟ್ಟುತ್ತದೆ, ಸಿಂಬಳ ಗಂಟಲ ಹಿಂದೆ ಇಳಿದು ಕೆಮ್ಮು ಎಬ್ಬಿಸುತ್ತದೆ. ಅದಕ್ಕೆ ರಾತ್ರಿಯ ಕೆಲಸಗಳನ್ನು ಈ ಕ್ರಮದಲ್ಲಿ ಮಾಡಿ.

1. ಊಟ ಮಲಗುವ ಎರಡು ಗಂಟೆ ಮೊದಲೇ ಮುಗಿಸಿ. ಹೊಟ್ಟೆ ತುಂಬಿಸಿ ಮಲಗಿದರೆ ಹುಳಿ ಮೇಲೆ ಬಂದು ಕೆಮ್ಮು ಜಾಸ್ತಿಯಾಗುತ್ತದೆ.

2. ಹಬೆ ತೆಗೆದುಕೊಳ್ಳುವವರು ಈಗ ತೆಗೆದುಕೊಂಡು ಮೂಗು ಸೀಂಟಿ. ಆಮೇಲೆ ಸಲೈನ್ ಹನಿ.

3. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಹಲ್ಲುಜ್ಜಿ.

4. ಕೊನೆಗೆ ಜೇನುತುಪ್ಪ, ದೊಡ್ಡವರಿಗೆ ಒಂದರಿಂದ ಎರಡು ಚಮಚ. ಹಾಗೇ ನೆಕ್ಕಬಹುದು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ. ರಾತ್ರಿ ಕೆಮ್ಮಿಗೆ ಮನೆಯಲ್ಲಿರುವ ಮದ್ದುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಜೇನು ಗಂಟಲಿಗೆ ಅಂಟಿಕೊಂಡು ಕೆರೆತ ತಡೆಯುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಕುಡಿದರೆ ತೊಳೆದುಹೋಗುತ್ತದೆ, ಹಾಗಾಗಿ ಇದು ಕೊನೆಗೆ. ಅರಿಶಿನದ ಹಾಲು ಕುಡಿಯುವ ಅಭ್ಯಾಸ ಇದ್ದರೆ ಅದನ್ನು ಇದಕ್ಕಿಂತ ಮೊದಲು ಮುಗಿಸಿ, ಹಲ್ಲುಜ್ಜುವ ಮೊದಲೇ.

5. ಇನ್ನೊಂದು ದಿಂಬು ಹಾಕಿ ತಲೆ, ಭುಜ ಎತ್ತರಿಸಿ ಮಲಗಿ. ಬರೀ ಕುತ್ತಿಗೆ ಮಡಚುವಂತೆ ಅಲ್ಲ. ಫ್ಯಾನ್ ನೇರ ಮುಖಕ್ಕೆ ಬೇಡ.

ವಿಕ್ಸ್, ಅಮೃತಾಂಜನ್ ತರದ್ದನ್ನು ಎದೆಗೆ, ಬೆನ್ನಿಗೆ ಹಚ್ಚಬಹುದು. ಅದರ ಪುದೀನ ಸತ್ವ ಮೂಗನ್ನು ನಿಜವಾಗಿ ಬಿಡಿಸುವುದಿಲ್ಲ, ಬಿಟ್ಟಂತೆ ಅನ್ನಿಸುತ್ತದೆ. ನಿದ್ದೆ ಬರಲು ಅಷ್ಟು ಸಾಕು ಅಲ್ವಾ. ಮೂಗಿನ ಒಳಗೆ, ಗಾಯದ ಮೇಲೆ ಹಚ್ಚಬಾರದು.

## ಹಂತ 9: ಮಕ್ಕಳಿಗೆ ಏನು ಮಾಡಬೇಕು, ಏನು ಮಾಡಲೇಬಾರದು

ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ ನೆಗಡಿ ಬಂದರೆ ಶಾಲೆ, ಅಂಗನವಾಡಿಗೆ ಹೋಗುವ ಮಕ್ಕಳಿಗೆ ಆರೆಂಟು ಸಲ ಬರುವುದು ಮಾಮೂಲು. ಮಗುವಿನ ಶಕ್ತಿ ಕಡಿಮೆ ಅಂತ ಟಾನಿಕ್ ಹುಡುಕಬೇಡಿ.

ಹಾಲು ಕುಡಿಯುವ ಮಗುವಿಗೆ ಮೂಗು ಕಟ್ಟಿದರೆ ಕುಡಿಯಲು ಆಗುವುದಿಲ್ಲ, ಚೀಪುವಾಗ ಉಸಿರಾಡಬೇಕಲ್ಲ. ಹಾಲು ಕೊಡುವ ಹತ್ತು ಹದಿನೈದು ನಿಮಿಷ ಮೊದಲು ಪ್ರತಿ ಹೊಳ್ಳೆಗೆ ಒಂದೆರಡು ಹನಿ ಸಲೈನ್ ಹಾಕಿ, ಮೆತ್ತನೆ ಬಟ್ಟೆಯ ತುದಿಯಿಂದ ಹೊರಗೆ ಬಂದದ್ದನ್ನು ಒರೆಸಿ. ಬಾಯಿಂದ ಊದುವುದು, ಮೂಗಿನ ಒಳಗೆ ಬೆರಳು ಕಡ್ಡಿ ಹಾಕುವುದು ಬೇಡ. ಎದೆಹಾಲನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡಿ, ತಾಯಿಗೆ ನೆಗಡಿ ಇದ್ದರೂ ನಿಲ್ಲಿಸಬಾರದು.

ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಬೇಡ. ಜೇನಿನಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜ ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಹುದು. ಕಾಡಿನ ಜೇನು, ಮನೆಯ ಜೇನು, ಕಾಯಿಸಿದ ಜೇನು, ಎಲ್ಲಕ್ಕೂ ಇದೇ ಮಾತು. ಒಂದು ವರ್ಷ ದಾಟಿದ ಮೇಲೆ ಮಲಗುವ ಮೊದಲು ಅರ್ಧದಿಂದ ಒಂದು ಚಮಚ ಕೊಡಬಹುದು.

ಮಗುವಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ನಮ್ಮಲ್ಲಿ ಇನ್ನೂ ನಡೆದಿದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಸಾದಾ ನ್ಯುಮೋನಿಯಾಗಿಂತ ಅದನ್ನು ಗುಣ ಮಾಡುವುದು ಕಷ್ಟ. ಒಳಲೆಯಲ್ಲಿ ಎಣ್ಣೆ, ಕಷಾಯ ಬಲವಂತವಾಗಿ ಹುಯ್ಯುವುದೂ ಅದೇ ಅಪಾಯ. ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ನೆಗಡಿ ಇರುವ ಮಗುವಿನ ಉಸಿರಿನ ನಾಳವನ್ನು ಕೆರಳಿಸುತ್ತದೆ. ಬ್ರಾಂಡಿ ಬೇಡ, ತೇಯ್ದ ಬಜೆ ಬೇಡ. ಅಜ್ಜಿಯರಿಗೆ ಹೇಳುವುದು ಕಷ್ಟ ಅಂತ ಗೊತ್ತು. "ಅಜ್ಜೀ, ಬೆನ್ನಿಗೆ ಬೆಚ್ಚಗೆ ಎಣ್ಣೆ ಹಚ್ಚಿ, ಮೂಗಿಗೆ ಮಾತ್ರ ಬೇಡ" ಅಂದರೆ ಒಪ್ಪುತ್ತಾರೆ.

ಕರ್ಪೂರದ ವಿಷಯ ತಮಾಷೆ ಅಲ್ಲ. ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ಹಚ್ಚುವುದು ರೂಢಿ. ಎರಡು ವರ್ಷದ ಒಳಗಿನವರಿಗೆ ಅದೂ ಬೇಡ, ಕರ್ಪೂರ ಇರುವ ಬಾಮೂ ಬೇಡ. ದೇವರ ಕೋಣೆಯ ಕರ್ಪೂರವನ್ನು ಮಗು ನುಂಗಿದರೆ ಸ್ವಲ್ಪಕ್ಕೇ ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ.

ಕೆಮ್ಮಿನ ಸಿರಪ್ಪಿಗೂ ಅವಸರ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದ ಒಳಗಿನವರಿಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬೇಡಿ, ಐದು ವರ್ಷದ ಒಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದಿಂದ ಸೂಚನೆ ಬಂತು. ಹೋದ ಸಲ ಉಳಿದ ಬಾಟಲಿ, ಅಕ್ಕನ ಮಗುವಿಗೆ ಬರೆದ ಬಾಟಲಿ, ಎರಡನ್ನೂ ಮುಟ್ಟಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸರಿ, ಆದರೆ ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದ ಅಳತೆ. ಡ್ರಾಪ್ಸ್ ಮತ್ತು ಸಿರಪ್ ಒಂದೇ ಅಲ್ಲ, ಡ್ರಾಪ್ಸ್‌ನಲ್ಲಿ ಔಷಧ ತುಂಬಾ ಗಟ್ಟಿಯಾಗಿರುತ್ತದೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಲಿವರಿಗೆ ಪೆಟ್ಟು. ಆಸ್ಪಿರಿನ್ ಮಕ್ಕಳಿಗೆ ಬೇಡ.

## ಹಂತ 10: ಮಾತ್ರೆ ಎಲ್ಲಿಯವರೆಗೆ

ದೊಡ್ಡವರಿಗೆ ಜ್ವರ, ಮೈಕೈ ನೋವು ತಡೆಯದಿದ್ದರೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಇರುವವರು, ಕುಡಿಯುವ ಅಭ್ಯಾಸ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಡೋಲೋ (ಅದೂ ಪ್ಯಾರಾಸಿಟಮಾಲೇ) ನುಂಗಿ, ಅದರ ಜೊತೆ ನೆಗಡಿ ಮಾತ್ರೆಯನ್ನೂ ನುಂಗುವುದು ಎಲ್ಲರೂ ಮಾಡುವ ತಪ್ಪು. ಹೆಚ್ಚಿನ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಇರುತ್ತದೆ. ಸ್ಟ್ರಿಪ್ಪಿನ ಹಿಂದೆ ಓದಿ. ನೆಗಡಿ ಮಾತ್ರೆ ತೂಕಡಿಕೆ ತರುತ್ತದೆ, ನುಂಗಿ ಬೈಕ್ ಓಡಿಸಬೇಡಿ. ಅದರಲ್ಲಿರುವ ಮೂಗು ಬಿಡಿಸುವ ಔಷಧ ಬಿಪಿಯನ್ನೂ ಏರಿಸಬಹುದು.

ಮೂಗು ತಟ್ಟನೆ ಬಿಡಿಸುವ ಡ್ರಾಪ್ಸ್, ಆಟ್ರಿವಿನ್ ತರದ್ದು, ಐದು ದಿನಕ್ಕಿಂತ ಜಾಸ್ತಿ ಹಾಕಬೇಡಿ. ಆಮೇಲೆ ಡ್ರಾಪ್ಸ್ ಬಿಟ್ಟ ಕೂಡಲೇ ಮೂಗು ಕಟ್ಟುತ್ತದೆ, ಮತ್ತೆ ಹಾಕುತ್ತೀರಿ, ಮತ್ತೆ ಕಟ್ಟುತ್ತದೆ. ತಿಂಗಳುಗಟ್ಟಲೆ ಹೀಗೆ ಸಿಕ್ಕಿಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಸಲೈನ್ ಡ್ರಾಪ್ಸಿಗೆ ಈ ತೊಂದರೆ ಇಲ್ಲ.

ಅಜಿತ್ರೋಮೈಸಿನ್ ಮೂರು ಮಾತ್ರೆ ನುಂಗಿ "ಮೂರೇ ದಿನಕ್ಕೆ ಹೋಯ್ತು" ಅನ್ನುವವರು ಅದನ್ನು ಶುರು ಮಾಡುವುದೇ ನಾಲ್ಕನೇ ದಿನ. ಅಷ್ಟರಲ್ಲಿ ನೆಗಡಿ ತಾನಾಗಿ ಇಳಿಯುತ್ತಿರುತ್ತದೆ. ಆಂಟಿಬಯಾಟಿಕ್ ವೈರಸ್ಸಿಗೆ ತಾಗುವುದಿಲ್ಲ, ಹೊಟ್ಟೆ ಕೆಡುವುದು ಮಾತ್ರ ಲಾಭ.

## ಹಂತ 11: ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗುವ ಗುರುತುಗಳು

ಇವುಗಳಲ್ಲಿ ಒಂದು ಕಂಡರೂ ಇನ್ನೊಂದು ಲೋಟ ಕಷಾಯ ಕುಡಿದು ನೋಡೋಣ ಅನ್ನಬೇಡಿ.

- ಉಸಿರಾಡಲು ಕಷ್ಟ, ಎದೆ ನೋವು, ಕಫದಲ್ಲಿ ರಕ್ತ, ತುಟಿ ನೀಲಿ, ಮಾತಿನಲ್ಲಿ ಗೊಂದಲ. ಇದಕ್ಕೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದು ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗೆ ತೋರಿಸಿದರೂ ಆಸ್ಪತ್ರೆಗೆ ಹೊರಡಿ.
- 102 ಡಿಗ್ರಿ ದಾಟಿದ ಜ್ವರ, ಅಥವಾ ಸಣ್ಣ ಜ್ವರವೇ ಮೂರು ದಿನ ಮೀರಿದರೆ.
- ಕಡಿಮೆಯಾಗಿ ಒಂದೆರಡು ದಿನ ಆರಾಮವಾಗಿದ್ದು ಮತ್ತೆ ಜ್ವರ, ಕೆಮ್ಮು ಜೋರಾದರೆ. ಸೈನಸ್ಸಿಗೋ ಎದೆಗೋ ಬೇರೆ ಸೋಂಕು ಸೇರಿರಬಹುದು.
- ಕಿವಿನೋವು, ಕಿವಿ ಸೋರುವುದು, ಕೆನ್ನೆ ಹಣೆಯ ಒಂದೇ ಕಡೆ ಒತ್ತಿದಂತೆ ನೋವು.
- 10 ದಿನ ಕಳೆದರೂ ಇಳಿಮುಖ ಕಾಣದಿದ್ದರೆ.
- ಎರಡು ವಾರ ದಾಟಿದ ಕೆಮ್ಮು. ಇದಕ್ಕೆ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಮಕ್ಕಳಲ್ಲಿ ಉಸಿರು ಎಣಿಸುವುದು ಕಲಿತುಕೊಳ್ಳಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಮೇಲೇರುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳ ಒಳಗಿನ ಮಗುವಿಗೆ 60, ಎರಡರಿಂದ 12 ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಉಸಿರೆಳೆಯುವಾಗ ಪಕ್ಕೆ ಒಳಗೆ ಸೆಳೆದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಮಂಪರಾಗಿದ್ದರೆ, ಮೂತ್ರ ಕಡಿಮೆಯಾದರೆ ರಾತ್ರಿಯಾದರೂ ಹೊರಡಿ. ಮೂರು ತಿಂಗಳ ಒಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಬೇರೆ ಯಾವ ಗುರುತಿಗೂ ಕಾಯಬೇಡಿ.

ಅಸ್ತಮಾ, ಹೃದಯ, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, 65 ದಾಟಿದವರು ಈ ಗುರುತುಗಳಿಗಾಗಿ ಕಾಯುವುದಕ್ಕಿಂತ ಎರಡನೇ ದಿನವೇ ಒಂದು ಫೋನ್ ಮಾಡಿ ಕೇಳುವುದು ವಾಸಿ. ಡಾಕ್ಟರ ಹತ್ತಿರ ಹೋಗುವಾಗ ಜ್ವರ ಎಷ್ಟಿತ್ತು, ಯಾವ ದಿನ ಶುರುವಾಯಿತು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನುಂಗಿದ ಮಾತ್ರೆಯ ಸ್ಟ್ರಿಪ್, ಕುಡಿದ ಕಷಾಯ ಪುಡಿಯ ಪ್ಯಾಕೆಟ್ ಎರಡನ್ನೂ ಚೀಲದಲ್ಲಿ ಹಾಕಿಕೊಳ್ಳಿ. "ಮನೆಮದ್ದು ತಾನೇ, ಅದನ್ನೇನು ಹೇಳುವುದು" ಅಂತ ಮುಚ್ಚಿಡಬೇಡಿ.